ನಾಳಿನ ದಟ್ಟಣೆಗೆ ಇಂದಿನ ಲೆಕ್ಕ: ಉಪನಗರದ ರಸ್ತೆಗೆ ಯಾವ ಮುನ್ನಂದಾಜು ವಿಧಾನ ಸರಿ?

ರಸ್ತೆ ಅಗಲವಾಗಬೇಕೇ, ಎಷ್ಟು ಅಗಲವಾಗಬೇಕು, ಯಾವಾಗ ಆಗಬೇಕು? ಬೆಳೆಯುತ್ತಿರುವ ಪ್ರತಿಯೊಂದು ಉಪನಗರದಲ್ಲೂ ಈ ಮೂರು ಪ್ರಶ್ನೆಗಳು ಏಳುತ್ತವೆ. ಉತ್ತರ ಹೇಳುವವರು ಮಾತ್ರ ಒಬ್ಬೊಬ್ಬರು ಒಂದೊಂದು ದಾರಿ ಹಿಡಿಯುತ್ತಾರೆ. ಎಂಜಿನಿಯರ್ ವರ್ಷಕ್ಕೆ ಶೇ 5ರ ಬೆಳವಣಿಗೆ ಹಿಡಿದು ಒಂದೇ ಹಾಳೆಯಲ್ಲಿ ಲೆಕ್ಕ ಮುಗಿಸುತ್ತಾರೆ. ಸಲಹಾ ಸಂಸ್ಥೆಯವರು ಇಡೀ ಊರಿನ ಕಂಪ್ಯೂಟರ್ ಮಾದರಿ ಕಟ್ಟದೆ ಏನೂ ಹೇಳಲಾಗದು ಎನ್ನುತ್ತಾರೆ. ಮತ್ತೊಬ್ಬರು ಪರದೆಯ ಮೇಲೆ ಪುಟ್ಟ ಕಾರುಗಳು ಸಾಲುಗಟ್ಟಿ ಓಡುವುದನ್ನು ತೋರಿಸಿ ಸಭೆಯ ಮನಸ್ಸು ಗೆಲ್ಲುತ್ತಾರೆ. ನಗರಸಭೆಯ ಸದಸ್ಯರು, ಬಡಾವಣೆ ಸಂಘದವರು, ಹೊಸದಾಗಿ ಕೆಲಸಕ್ಕೆ ಸೇರಿದ ಯೋಜಕರು ನನ್ನನ್ನು ಕೇಳುವುದು ಒಂದೇ ಮಾತು: ಇವುಗಳಲ್ಲಿ ಯಾವುದನ್ನು ನಂಬುವುದು?

ಈ ಲೆಕ್ಕಗಳ ನಡುವೆ ವರ್ಷಗಟ್ಟಲೆ ಕೆಲಸ ಮಾಡಿದ ಮೇಲೆ ನನಗೆ ಒಂದು ವಿಷಯ ಖಚಿತವಾಗಿದೆ. ಎಲ್ಲಕ್ಕೂ ಒದಗುವ ವಿಧಾನ ಎಂಬುದಿಲ್ಲ. ನೀವು ಯಾವ ತೀರ್ಮಾನ ತೆಗೆದುಕೊಳ್ಳಲು ಹೊರಟಿದ್ದೀರಿ, ಅದು ತಪ್ಪಾದರೆ ಹಿಂತಿರುಗಿ ಬರಲು ದಾರಿ ಇದೆಯೇ ಎಂಬುದರ ಮೇಲೆ ವಿಧಾನ ನಿಲ್ಲಬೇಕು. ಆದ್ದರಿಂದ ಅಳೆಯುವ ಕೋಲನ್ನು ಮೊದಲು ಗೊತ್ತುಮಾಡಿಕೊಂಡು, ಆಮೇಲೆ ಒಂದೊಂದು ವಿಧಾನವನ್ನೂ ಅದರ ಪಕ್ಕದಲ್ಲಿ ನಿಲ್ಲಿಸಿ ನೋಡೋಣ.

ಅಳೆಯುವ ಕೋಲು

ಮೊದಲನೆಯದು ತೀರ್ಮಾನದ ಭಾರ. ಸಿಗ್ನಲ್‌ನಲ್ಲಿ ಹಸಿರು ದೀಪದ ಅವಧಿ ಹತ್ತು ಸೆಕೆಂಡು ಹೆಚ್ಚಿಸಿದ್ದು ತಪ್ಪಾದರೆ ನಾಳೆಯೇ ಸರಿಪಡಿಸಬಹುದು. ರಸ್ತೆಗೆಂದು ಸ್ವಾಧೀನಪಡಿಸಿಕೊಂಡ ಜಾಗದಲ್ಲಿ ಇದ್ದ ಮನೆಗಳನ್ನು, ಮರಗಳನ್ನು ಮತ್ತೆ ತರಲಾಗದು. ಎರಡನೆಯದು ಅವಧಿ: ಎರಡು ವರ್ಷದ ಮುಂದಿನ ಮಾತೋ, ಇಪ್ಪತ್ತು ವರ್ಷದ ಮುಂದಿನದೋ? ಮೂರನೆಯದು ಕೈಯಲ್ಲಿರುವ ಮಾಹಿತಿ. ಹತ್ತು ವರ್ಷದ ವಾಹನ ಗಣತಿ ಇರುವ ಊರು ಬೇರೆ, ಒಂದು ದಿನದ ಗಣತಿಯೂ ಇಲ್ಲದ ಊರು ಬೇರೆ.

ನಾಲ್ಕನೆಯದು ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು. ರಸ್ತೆಯೇ ಸಂಚಾರವನ್ನು ಬದಲಿಸುತ್ತದೆ ಎಂಬುದು ಈ ವಿಧಾನಕ್ಕೆ ಗೊತ್ತಿದೆಯೇ? ಅಗಲವಾದ ರಸ್ತೆ ಹೊಸ ಬಡಾವಣೆಗಳನ್ನು ಕರೆಯುತ್ತದೆ, ಬಸ್ಸಿನಲ್ಲಿ ಹೋಗುತ್ತಿದ್ದವರನ್ನು ಕಾರಿಗೆ ಹತ್ತಿಸುತ್ತದೆ, ಏಳು ಗಂಟೆಗೇ ಹೊರಡುತ್ತಿದ್ದವರನ್ನು ಎಂಟಕ್ಕೆ ಹೊರಡಿಸುತ್ತದೆ. ಇದನ್ನು ಕಾಣದ ಲೆಕ್ಕ ತಾನೇ ತಂದ ದಟ್ಟಣೆಯನ್ನು ಎಣಿಸಲು ಮರೆಯುತ್ತದೆ. ಐದನೆಯದು, ಹೊರಗಿನವರೊಬ್ಬರು ಕುಳಿತು ಆ ಲೆಕ್ಕವನ್ನು ತಾಳೆ ನೋಡಲು ಸಾಧ್ಯವೇ ಎಂಬುದು. ಖರ್ಚು ಮತ್ತು ಸಮಯವನ್ನು ನಾನು ಬೇರೆಯಾಗಿ ಪಟ್ಟಿ ಮಾಡುವುದಿಲ್ಲ. ಅವು ಈ ಐದರ ಬೆನ್ನಿಗೇ ಬರುತ್ತವೆ.

ಉಪನಗರಕ್ಕೆ ಅದರದೇ ಆದ ಕೆಲವು ಗುಣಗಳಿವೆ, ಅವನ್ನೂ ನೆನಪಿನಲ್ಲಿಡಬೇಕು. ಇಲ್ಲಿ ಜನಸಂಖ್ಯೆ ಮೆಟ್ಟಿಲು ಹತ್ತಿದಂತೆ ನಿಧಾನವಾಗಿ ಏರುವುದಿಲ್ಲ. ಒಂದು ದೊಡ್ಡ ಬಡಾವಣೆಗೆ ಜನ ಬಂದು ಸೇರಿದ ವರ್ಷ ಒಮ್ಮೆಲೇ ಜಿಗಿಯುತ್ತದೆ. ಬೆಳಗ್ಗೆ ಎಲ್ಲರೂ ಹೊರಗೆ, ಸಂಜೆ ಎಲ್ಲರೂ ಒಳಗೆ. ರಸ್ತೆಯ ಒಂದು ಬದಿ ತುಂಬಿದ್ದರೆ ಇನ್ನೊಂದು ಬದಿ ಬಿಕೋ ಎನ್ನುತ್ತಿರುತ್ತದೆ. ಬಡಾವಣೆಗಳ ಒಳರಸ್ತೆಗಳು ಒಂದಕ್ಕೊಂದು ಕೂಡುವುದಿಲ್ಲವಾದ್ದರಿಂದ ಸಾವಿರಾರು ಮನೆಗಳ ಭಾರವೆಲ್ಲ ಒಂದೆರಡು ವೃತ್ತಗಳ ಮೇಲೆ ಬೀಳುತ್ತದೆ. ನಿಮ್ಮ ಊರಿನಾಚೆ ಇನ್ನೊಂದು ಊರು ಬೆಳೆದರೆ ಅದರ ವಾಹನಗಳೂ ನಿಮ್ಮ ರಸ್ತೆಯಲ್ಲೇ ಹಾದುಹೋಗುತ್ತವೆ.

ಮೊದಲು ಇಂದಿನ ಎಣಿಕೆ ಸರಿಯಿರಲಿ

ಯಾವ ವಿಧಾನ ಆರಿಸಿದರೂ ಬುನಾದಿ ಒಂದೇ: ಇಂದು ರಸ್ತೆಯಲ್ಲಿ ಎಷ್ಟು ವಾಹನಗಳಿವೆ ಎಂಬ ಗಣತಿ. ಇಲ್ಲಿ ನಡೆಯುವ ಒಂದು ತಪ್ಪನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಒಂದು ಸಂಜೆಯ ಗಣತಿ ಹಾಳೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಹದಿನೈದು ನಿಮಿಷಕ್ಕೊಂದು ಸಾಲು, ನಾಲ್ಕು ಗೀಟುಗಳ ಮೇಲೆ ಅಡ್ಡಗೀಟು ಎಳೆದು ಐದೈದರ ಕಟ್ಟು. ಐದೂವರೆಯಿಂದ ಏಳರವರೆಗಿನ ಆರೂ ಸಾಲುಗಳಲ್ಲಿ ಹೆಚ್ಚುಕಡಿಮೆ ಅದೇ ಸಂಖ್ಯೆ. ಹಾಳೆ ನೋಡಿದವರು ‘ಇಲ್ಲಿ ಸಂಚಾರ ಸ್ಥಿರವಾಗಿದೆ, ಏರಿಕೆಯಿಲ್ಲ’ ಎಂದು ಬರೆದುಬಿಟ್ಟರು. ನಾನು ಅದೇ ವೃತ್ತದಿಂದ ಹಿಂದಕ್ಕೆ ನಡೆದು ಹೋದೆ. ಸಾಲಿನ ಬಾಲ ಐದೂವರೆಗೆ ಮೊದಲ ತಿರುವಿನ ಹತ್ತಿರ ಇತ್ತು. ಆರೂವರೆಗೆ ಬಸ್ ನಿಲ್ದಾಣವನ್ನೂ ದಾಟಿ ಇಳಿಜಾರಿನ ಕೆಳಗೆ ಹೋಗಿತ್ತು. ಹಾಳೆಯಲ್ಲಿದ್ದದ್ದು ಸಿಗ್ನಲ್ ಎಷ್ಟು ವಾಹನಗಳನ್ನು ಬಿಡಬಲ್ಲದು ಎಂಬ ಸಂಖ್ಯೆ. ಎಷ್ಟು ವಾಹನಗಳು ಬರಲು ಬಯಸಿದ್ದವು ಎಂಬುದು ಆ ಬಾಲದಲ್ಲಿತ್ತು.

ತುಂಬಿ ಹರಿಯುವ ಕೊಳವೆಯ ಬಾಯಿಯಲ್ಲಿ ನಿಂತು ಅಳೆದರೆ ಕೊಳವೆಯ ಗಾತ್ರ ಮಾತ್ರ ತಿಳಿಯುತ್ತದೆ. ಆದ್ದರಿಂದ ದಟ್ಟಣೆ ಇರುವಲ್ಲಿ ಗಣತಿಯ ಜೊತೆಗೆ ಪ್ರತಿ ಹದಿನೈದು ನಿಮಿಷಕ್ಕೊಮ್ಮೆ ಸಾಲಿನ ಉದ್ದವನ್ನೂ ಬರೆದಿಡಬೇಕು. ಶಾಲೆಗಳಿಗೆ ರಜೆಯಿರುವ ವಾರ, ಹಬ್ಬದ ವಾರ, ಜೋರು ಮಳೆಯ ದಿನ ಗಣತಿ ಬೇಡ. ತಿರುವುಗಳನ್ನು ಬೇರೆ ಬೇರೆಯಾಗಿ ಎಣಿಸಬೇಕು. ಬಲಕ್ಕೆಷ್ಟು, ಎಡಕ್ಕೆಷ್ಟು, ನೇರಕ್ಕೆಷ್ಟು ಎಂದು ತಿಳಿಯದ ಒಟ್ಟು ಮೊತ್ತ ವೃತ್ತದ ವಿನ್ಯಾಸಕ್ಕೆ ಉಪಯೋಗಕ್ಕೆ ಬಾರದು. ಪಾದಚಾರಿಗಳನ್ನೂ ಎಣಿಸಿ. ಅವರನ್ನು ಎಣಿಸದ ಊರುಗಳಲ್ಲಿ ರಸ್ತೆ ದಾಟುವ ಜಾಗ ಯೋಜನೆಯ ಕೊನೆಯ ಪುಟದಲ್ಲೂ ಇರುವುದಿಲ್ಲ.

ಶೇಕಡಾವಾರು ಬೆಳವಣಿಗೆ: ಒಂದು ಹಾಳೆಯ ಲೆಕ್ಕ

ಇದು ಅತ್ಯಂತ ಹಳೆಯ ವಿಧಾನ, ಅಗ್ಗವೂ ಹೌದು. ಹಿಂದಿನ ವರ್ಷಗಳ ಗಣತಿಯಿಂದ ವಾರ್ಷಿಕ ಬೆಳವಣಿಗೆಯ ದರ ತೆಗೆದು, ಅದನ್ನೇ ಮುಂದಕ್ಕೆ ಚಾಚುವುದು. ಸ್ವಲ್ಪ ಸುಧಾರಿಸಿದ ರೂಪದಲ್ಲಿ ಜನಸಂಖ್ಯೆ, ಆದಾಯ, ವಾಹನ ನೋಂದಣಿ ಇವುಗಳ ಏರಿಕೆಗೆ ಸಂಚಾರದ ಏರಿಕೆಯನ್ನು ಗಂಟುಹಾಕುತ್ತಾರೆ. ಯಾರು ಬೇಕಾದರೂ ಕ್ಯಾಲ್ಕುಲೇಟರ್ ಹಿಡಿದು ತಾಳೆ ನೋಡಬಹುದು, ಇದೇ ಇದರ ದೊಡ್ಡ ಗುಣ.

ಅಪಾಯ ಎಲ್ಲಿದೆ ಎಂದು ಒಂದು ಉದಾಹರಣೆಯಲ್ಲಿ ನೋಡಿ. ಇಂದು ದಿನಕ್ಕೆ 20,000 ವಾಹನಗಳು ಹೋಗುವ ಒಂದು ರಸ್ತೆ ಇದೆ ಎಂದುಕೊಳ್ಳಿ. ದಟ್ಟಣೆಯ ಗಂಟೆಯಲ್ಲಿ ದಿನದ ಶೇ 9ರಷ್ಟು ಓಡಾಟ, ಅದರಲ್ಲಿ ಶೇ 60 ಒಂದೇ ದಿಕ್ಕಿಗೆ. ಸಿಗ್ನಲ್ ಇರುವ ರಸ್ತೆಯ ಒಂದು ಪಥದಲ್ಲಿ ಗಂಟೆಗೆ ಸುಮಾರು 850 ಕಾರುಗಳು ದಾಟಬಹುದು ಎಂದಿಟ್ಟುಕೊಳ್ಳೋಣ. ಇಂದಿನ ಲೆಕ್ಕಕ್ಕೆ ಆ ದಿಕ್ಕಿಗೆ ಗಂಟೆಗೆ 1,080 ವಾಹನಗಳು. ಎರಡು ಪಥ ಸಾಕು. ಇಪ್ಪತ್ತು ವರ್ಷದ ಬಳಿಕ? ವರ್ಷಕ್ಕೆ ಶೇ 3 ಹಿಡಿದರೆ ದಿನಕ್ಕೆ ಸುಮಾರು 36,000, ಒಂದು ದಿಕ್ಕಿಗೆ ಮೂರು ಪಥ. ಶೇ 5 ಹಿಡಿದರೆ ಸುಮಾರು 53,000, ನಾಲ್ಕು ಪಥ. ಶೇ 7 ಹಿಡಿದರೆ 77,000 ದಾಟುತ್ತದೆ, ಐದು ಪಥ. ಮೂರಕ್ಕೂ ಏಳಕ್ಕೂ ನಡುವಿನ ವ್ಯತ್ಯಾಸ ಹಾಳೆಯ ಮೇಲೆ ಒಂದು ಅಂಕಿಯ ಮಾತು. ನೆಲದ ಮೇಲೆ ಎರಡೂ ಬದಿ ಸೇರಿ ನಾಲ್ಕು ಪಥಗಳ ಅಗಲ. ಆ ಅಗಲದಲ್ಲಿ ಯಾರದೋ ಅಂಗಳ ಇರುತ್ತದೆ.

ಬೆಳವಣಿಗೆ ಎಂದೆಂದಿಗೂ ಹೀಗೇ ಸಾಗುತ್ತದೆ ಎಂಬ ನಂಬಿಕೆ ಇಡೀ ದೇಶಗಳನ್ನೇ ಮೋಸಗೊಳಿಸಿದೆ. ಬ್ರಿಟನ್‌ನಲ್ಲಿ 1989ರಲ್ಲಿ ಪ್ರಕಟವಾದ ರಾಷ್ಟ್ರೀಯ ಮುನ್ನಂದಾಜು, 1988ರಿಂದ 2025ರೊಳಗೆ ಸಂಚಾರ ಶೇ 83ರಿಂದ ಶೇ 142ರಷ್ಟು ಏರುತ್ತದೆ ಎಂದಿತ್ತು. ವಾಸ್ತವದಲ್ಲಿ ಏರಿಕೆ ಆ ಕೆಳಗಿನ ಮಿತಿಯನ್ನೂ ಮುಟ್ಟಲಿಲ್ಲ. ಅಮೆರಿಕದಲ್ಲಿ ದಶಕಗಳ ಕಾಲ ಏರುತ್ತಲೇ ಬಂದ ಒಟ್ಟು ವಾಹನ ಓಡಾಟ 2007ರ ಬಳಿಕ ಕೆಲವು ವರ್ಷ ಚಲಿಸದೆ ನಿಂತಿತು. 2020ರ ಸಾಂಕ್ರಾಮಿಕದ ನಂತರ ಮನೆಯಿಂದಲೇ ಕೆಲಸ ಮಾಡುವವರು ಹೆಚ್ಚಿ ಬೆಳಗಿನ ದಟ್ಟಣೆಯ ಆಕಾರವೇ ಬದಲಾದ ಊರುಗಳಿವೆ.

ಹಾಗಾಗಿ ನನ್ನ ಅಭಿಪ್ರಾಯ ಇದು: ಐದು ವರ್ಷದೊಳಗಿನ, ಹಿಂತಿರುಗಿಸಬಹುದಾದ ಕೆಲಸಕ್ಕೆ, ಅಂದರೆ ಡಾಂಬರು ಪದರದ ದಪ್ಪ, ಸಿಗ್ನಲ್ ಅವಧಿ, ಬಲತಿರುವಿನ ಜಾಗ ಇವುಗಳಿಗೆ ಈ ವಿಧಾನ ಸಾಕು. ಇಪ್ಪತ್ತು ವರ್ಷದ ಭೂಸ್ವಾಧೀನಕ್ಕೆ ಇದೊಂದನ್ನೇ ತಂದರೆ ಒಪ್ಪಬೇಡಿ.

ಬಡಾವಣೆಯ ಬಾಗಿಲಲ್ಲಿ ಎಣಿಸುವುದು

ಎರಡನೆಯ ವಿಧಾನ ಭೂಬಳಕೆಯಿಂದ ಹೊರಡುತ್ತದೆ. ಎಷ್ಟು ಮನೆ, ಎಷ್ಟು ಅಂಗಡಿ ಜಾಗ, ಎಷ್ಟು ವಿದ್ಯಾರ್ಥಿಗಳ ಶಾಲೆ ಬರುತ್ತದೆ ಎಂದು ಪಟ್ಟಿ ಮಾಡಿ, ಒಂದೊಂದಕ್ಕೂ ದಿನಕ್ಕೆ ಎಷ್ಟು ಓಡಾಟ ಎಂಬ ದರದಿಂದ ಗುಣಿಸುತ್ತಾರೆ. ಜಿಗಿತಗಳಲ್ಲಿ ಬೆಳೆಯುವ ಉಪನಗರಕ್ಕೆ ಇದು ಹೇಳಿ ಮಾಡಿಸಿದಂತಿದೆ. ಮುಂದಿನ ಐದು ವರ್ಷದಲ್ಲಿ ಎಲ್ಲಿ ಏನು ಕಟ್ಟಲು ಅನುಮತಿ ಕೊಟ್ಟಿದ್ದೇವೆ ಎಂಬುದು ನಗರಸಭೆಯ ಕಡತದಲ್ಲೇ ಇರುತ್ತದೆ.

ಎಡವುವುದು ದರ ಎರವಲು ತರುವಾಗ. ಅಮೆರಿಕದ ಸಾರಿಗೆ ಎಂಜಿನಿಯರುಗಳ ಕೈಪಿಡಿಯಲ್ಲಿ ಬಿಡಿ ಮನೆಯೊಂದಕ್ಕೆ ವಾರದ ದಿನಗಳಲ್ಲಿ ದಿನಕ್ಕೆ ಸುಮಾರು ಒಂಬತ್ತೂವರೆ ವಾಹನ ಓಡಾಟ, ಸಂಜೆಯ ದಟ್ಟಣೆಯ ಗಂಟೆಯಲ್ಲಿ ಹೆಚ್ಚುಕಡಿಮೆ ಒಂದು ಎಂದಿದೆ. 2,000 ಮನೆಗಳ ಬಡಾವಣೆಗೆ ಅದನ್ನು ಹಚ್ಚಿದರೆ ದಿನಕ್ಕೆ ಸುಮಾರು 19,000 ಓಡಾಟ. ಆ ಅಂಕಿ ಕಾರಿಲ್ಲದೆ ಹಾಲೂ ತರಲಾಗದ ಅಲ್ಲಿನ ಉಪನಗರಗಳಲ್ಲಿ ಅಳೆದದ್ದು. ಬಸ್ ನಿಲ್ದಾಣದ ಪಕ್ಕದ ಬಹುಮಹಡಿ ವಸತಿಗೆ, ನಡೆದು ಹೋಗುವಷ್ಟು ದೂರದಲ್ಲಿ ಶಾಲೆ ಇರುವ ಬಡಾವಣೆಗೆ ಅದು ಒಗ್ಗುವುದಿಲ್ಲ. ಇದಕ್ಕೆ ಪರಿಹಾರ ಸುಲಭವಿದೆ, ಆದರೂ ಮಾಡುವವರು ಕಡಿಮೆ: ನಿಮ್ಮ ಊರಿನಲ್ಲೇ ಈಗಾಗಲೇ ತುಂಬಿರುವ, ಅದೇ ಬಗೆಯ ಎರಡು ಮೂರು ಬಡಾವಣೆಗಳ ಬಾಗಿಲಲ್ಲಿ ಇಬ್ಬರನ್ನು ಕೂರಿಸಿ ಮೂರು ದಿನ ಎಣಿಸಿ, ಮನೆಗಳ ಸಂಖ್ಯೆಯಿಂದ ಭಾಗಿಸಿ. ಎರವಲು ಅಂಕಿಗಿಂತ ಅದು ಎಷ್ಟೋ ಮೇಲು.

ಇನ್ನೊಂದು ಕೊರತೆಯೂ ಇದೆ. ಪ್ರತಿಯೊಬ್ಬ ಕಟ್ಟಡಗಾರರೂ ತಮ್ಮ ಯೋಜನೆಯ ಪ್ರಭಾವ ಅತ್ಯಲ್ಪ ಎಂದು ಬೇರೆ ಬೇರೆ ವರದಿ ತರುತ್ತಾರೆ. ಹತ್ತು ಅತ್ಯಲ್ಪಗಳು ಒಂದೇ ವೃತ್ತಕ್ಕೆ ಬಂದಾಗ ಏನಾಗುತ್ತದೆ ಎಂದು ಯಾವ ವರದಿಯಲ್ಲೂ ಇರುವುದಿಲ್ಲ. ನಗರಸಭೆ ಒಂದೇ ಪುಸ್ತಕದಲ್ಲಿ ಅನುಮತಿ ಪಡೆದ ಎಲ್ಲವನ್ನೂ ಕೂಡಿಸುತ್ತಾ ಹೋಗಬೇಕು. ಅಂಥ ಪುಸ್ತಕ ಇಟ್ಟ ಸಣ್ಣ ಊರು, ಇಡದ ದೊಡ್ಡ ಊರಿಗಿಂತ ಚೆನ್ನಾಗಿ ಮುಂದಾಲೋಚನೆ ಮಾಡುತ್ತದೆ.

ಇಡೀ ಊರಿನ ಮಾದರಿ: ನಾಲ್ಕು ಹಂತಗಳು

1950ರ ದಶಕದಲ್ಲಿ ಡೆಟ್ರಾಯಿಟ್ ಮತ್ತು ಷಿಕಾಗೊ ಪ್ರದೇಶಗಳ ಅಧ್ಯಯನಗಳಲ್ಲಿ ರೂಪುಗೊಂಡ ನಾಲ್ಕು ಹಂತದ ಮಾದರಿ ಇಂದಿಗೂ ಜಗತ್ತಿನ ಬಹುಪಾಲು ನಗರಗಳ ಕೆಲಸದ ಕುದುರೆ. ಊರನ್ನು ವಲಯಗಳಾಗಿ ಹೋಳು ಮಾಡುತ್ತಾರೆ. ಒಂದೊಂದು ವಲಯದಿಂದ ಎಷ್ಟು ಓಡಾಟ ಹುಟ್ಟುತ್ತದೆ, ಅದು ಯಾವ ವಲಯಕ್ಕೆ ಹೋಗುತ್ತದೆ, ಯಾವ ವಾಹನದಲ್ಲಿ ಹೋಗುತ್ತದೆ, ಯಾವ ರಸ್ತೆ ಹಿಡಿಯುತ್ತದೆ, ಇವೇ ನಾಲ್ಕು ಪ್ರಶ್ನೆಗಳು. ಹೊಸ ವರ್ತುಲ ರಸ್ತೆ ಬಂದರೆ ಹಳೆಯ ಮುಖ್ಯರಸ್ತೆಯ ಭಾರ ಎಷ್ಟು ಇಳಿಯುತ್ತದೆ, ಬಸ್ ಮಾರ್ಗ ಹೆಚ್ಚಿಸಿದರೆ ಏನಾಗುತ್ತದೆ ಎಂಬಂಥ ಪ್ರಶ್ನೆಗಳಿಗೆ ಹಿಂದಿನ ಎರಡೂ ವಿಧಾನಗಳು ಬಾಯಿ ಬಿಡುವುದಿಲ್ಲ, ಇದು ಬಿಡುತ್ತದೆ.

ಬೆಲೆಯೂ ಹಾಗೇ ಇದೆ. ಮನೆ ಮನೆ ಸಮೀಕ್ಷೆ ಬೇಕು, ವಲಯವಾರು ಜನಸಂಖ್ಯೆ ಮತ್ತು ಉದ್ಯೋಗದ ಅಂಕಿ ಬೇಕು, ಊರಿನ ಗಡಿಯಲ್ಲಿ ಒಳಬರುವ ಹೊರಹೋಗುವ ವಾಹನಗಳ ಗಣತಿ ಬೇಕು. ಕೆಲಸ ತಿಂಗಳುಗಳಲ್ಲಿ ಮುಗಿಯುವುದಿಲ್ಲ, ವರ್ಷ ಹಿಡಿಯುತ್ತದೆ. ಮುಗಿದ ಮೇಲೆ ಅದನ್ನು ಓಡಿಸಬಲ್ಲ ಒಬ್ಬರಾದರೂ ನಿಮ್ಮ ಕಚೇರಿಯಲ್ಲೇ ಇರಬೇಕು. ಇಲ್ಲದಿದ್ದರೆ ಐದು ವರ್ಷದಲ್ಲಿ ಮಾದರಿ ಯಾರೂ ತೆರೆಯದ ಕಡತವಾಗುತ್ತದೆ.

ಮಾದರಿ ತಂದವರನ್ನು ಎರಡು ಪ್ರಶ್ನೆ ಕೇಳಿ. ಒಂದು, ಇಂದಿನ ಗಣತಿಗೆ ಅದು ತಾಳೆಯಾಗುತ್ತದೆಯೇ? ವೃತ್ತಿಯಲ್ಲಿ ಇದಕ್ಕೆ, ಎಣಿಕೆಗೂ ಮಾದರಿಗೂ ಇರುವ ಅಂತರವನ್ನು ಹೇಳುವ ಜಿಇಎಚ್ ಎಂಬ ಅಳತೆ ಬಳಸುತ್ತಾರೆ. ಗಂಟೆಗೆ 1,000 ವಾಹನ ಎಣಿಸಿದಲ್ಲಿ ಮಾದರಿ 1,150 ಹೇಳಿದರೆ ಆ ಅಳತೆ ಸುಮಾರು 4.6 ಬರುತ್ತದೆ, ಎಣಿಸಿದ ರಸ್ತೆಗಳಲ್ಲಿ ಶೇ 85ರಷ್ಟರಲ್ಲಾದರೂ ಅದು 5ಕ್ಕಿಂತ ಕೆಳಗಿರಬೇಕು ಎಂಬುದು ರೂಢಿಯ ಮಾನದಂಡ. ಮಾದರಿಯನ್ನು ಹೊಂದಿಸಲು ಬಳಸದೆ ಬೇರೆಯಾಗಿ ತೆಗೆದಿಟ್ಟ ಗಣತಿಗೂ ತಾಳೆಯಾಗಬೇಕು, ಅದನ್ನು ಒತ್ತಿ ಕೇಳಿ.

ಎರಡನೆಯದು ಇನ್ನೂ ಮುಖ್ಯ. ಕೊನೆಯ ಹಂತದಲ್ಲಿ ಬಂದ ದಟ್ಟಣೆಯ ಪ್ರಯಾಣ ಸಮಯವನ್ನು ಮತ್ತೆ ಮೊದಲಿನ ಹಂತಗಳಿಗೆ ಕೊಟ್ಟು ಲೆಕ್ಕ ಮರಳಿ ಮಾಡಿದ್ದೀರಾ? ಮಾಡದಿದ್ದರೆ ರಸ್ತೆ ಅಗಲವಾದರೂ ಜನ ಹೋಗುವ ಜಾಗ, ಹೊರಡುವ ವಾಹನ ಬದಲಾಗುವುದಿಲ್ಲ ಎಂದು ಮಾದರಿ ಭಾವಿಸುತ್ತದೆ. ದಟ್ಟಣೆಯ ಗಂಟೆಯಲ್ಲಿ ರಸ್ತೆ ಮತ್ತೆ ತನ್ನ ಸಾಮರ್ಥ್ಯದ ಮಟ್ಟಕ್ಕೆ ತುಂಬಿಕೊಳ್ಳುತ್ತದೆ ಎಂದು ಅಮೆರಿಕದ ಅರ್ಥಶಾಸ್ತ್ರಜ್ಞ ಆಂಥೊನಿ ಡೌನ್ಸ್ 1962ರಲ್ಲೇ ಬರೆದಿದ್ದರು. ಬ್ರಿಟನ್ ಸರ್ಕಾರದ ಸಲಹಾ ಸಮಿತಿಯೊಂದು 1994ರಲ್ಲಿ, ಹೊಸ ರಸ್ತೆಗಳು ಹೊಸ ಸಂಚಾರ ಹುಟ್ಟಿಸುತ್ತವೆ ಎಂದು ಒಪ್ಪಿಕೊಂಡಿತು. 2011ರಲ್ಲಿ ಅರ್ಥಶಾಸ್ತ್ರಜ್ಞರಾದ ಡ್ಯುರಾಂಟನ್ ಮತ್ತು ಟರ್ನರ್ ಅಮೆರಿಕದ ನಗರಗಳ ಅಂಕಿಗಳಿಂದ ತೋರಿಸಿದ್ದು ಇನ್ನೂ ಗಟ್ಟಿಯಾದ ಮಾತು: ಹೆದ್ದಾರಿಯ ಪಥಗಳ ಉದ್ದ ಎಷ್ಟು ಪಾಲು ಹೆಚ್ಚಿದರೆ ವಾಹನಗಳು ಓಡುವ ದೂರವೂ ಹೆಚ್ಚುಕಡಿಮೆ ಅಷ್ಟೇ ಪಾಲು ಹೆಚ್ಚುತ್ತದೆ. ಹ್ಯೂಸ್ಟನ್ನಿನ ಕೇಟಿ ಹೆದ್ದಾರಿಯನ್ನು 2008ರಲ್ಲಿ, ಪಕ್ಕದ ರಸ್ತೆಗಳೂ ಸೇರಿ ಕೆಲವೆಡೆ 26 ಪಥಗಳಿಗೆ ಹಿಗ್ಗಿಸಿದರು. ಕೆಲವೇ ವರ್ಷಗಳಲ್ಲಿ ದಟ್ಟಣೆಯ ವೇಳೆಯ ಪ್ರಯಾಣ ಸಮಯ ಮತ್ತೆ ಏರಿತು.

ಇದರಿಂದ ರಸ್ತೆಯೇ ಬೇಡ ಎಂಬ ತೀರ್ಮಾನಕ್ಕೆ ಹಾರಬೇಕಾಗಿಲ್ಲ. ಅಗಲವಾದ ರಸ್ತೆಯಲ್ಲಿ ಹೆಚ್ಚು ಜನ ಓಡಾಡುತ್ತಾರೆ, ಅದಕ್ಕೂ ಬೆಲೆಯಿದೆ. ಆದರೆ ‘ಇನ್ನು ದಟ್ಟಣೆ ಇರುವುದಿಲ್ಲ’ ಎಂಬ ಭರವಸೆಯ ಮೇಲೆ ಹಣ ಕೇಳಿದವರಿಗೆ ಈ ಪ್ರಶ್ನೆ ಹಾಕಲೇಬೇಕು.

ಪರದೆಯ ಮೇಲಿನ ಕಾರುಗಳು

ಸೂಕ್ಷ್ಮ ಅನುಕರಣೆಯಲ್ಲಿ ಒಂದೊಂದು ವಾಹನವೂ ಬೇರೆ ಬೇರೆಯಾಗಿ ಓಡುತ್ತದೆ, ಮುಂದಿನದನ್ನು ನೋಡಿ ಬ್ರೇಕ್ ಹಾಕುತ್ತದೆ, ಪಥ ಬದಲಿಸುತ್ತದೆ. ಎರಡು ಹತ್ತಿರದ ವೃತ್ತಗಳಲ್ಲಿ ಒಂದರ ಸಾಲು ಇನ್ನೊಂದನ್ನು ಹೇಗೆ ಮುಚ್ಚುತ್ತದೆ ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಸಾಧನವಿಲ್ಲ. ನಾಲ್ಕು ಹಂತದ ಮಾದರಿಯ ಸಾಮಾನ್ಯ ಸೂತ್ರಕ್ಕೆ ಈ ಬಾಲ ಕಾಣುವುದೇ ಇಲ್ಲ. 1964ರಿಂದ ಬಳಕೆಯಲ್ಲಿರುವ ಆ ಸೂತ್ರದ ಪ್ರಕಾರ ರಸ್ತೆ ಪೂರ್ತಿ ತುಂಬಿದಾಗ ಪ್ರಯಾಣ ಸಮಯ ಶೇ 15 ಹೆಚ್ಚುತ್ತದೆ. ಸಾಮರ್ಥ್ಯದ ಒಂದೂವರೆ ಪಟ್ಟು ವಾಹನಗಳನ್ನು ತುರುಕಿದರೂ ಶೇ 76 ಮಾತ್ರ. ಸಾಮರ್ಥ್ಯದ ಒಂದೂವರೆ ಪಟ್ಟು ನಿಜವಾದ ರಸ್ತೆಯಲ್ಲಿ ಹಾದುಹೋಗಲು ಸಾಧ್ಯವೇ ಇಲ್ಲ. ಉಳಿದವು ಹಿಂದೆ ನಿಂತಿರುತ್ತವೆ.

ಜರ್ಮನಿಯ ಅಂತರಿಕ್ಷಯಾನ ಸಂಶೋಧನಾ ಸಂಸ್ಥೆಯಲ್ಲಿ ಹುಟ್ಟಿದ ಸುಮೋ ಎಂಬ ಮುಕ್ತ ತಂತ್ರಾಂಶ ಯಾರಿಗೆ ಬೇಕಾದರೂ ಸಿಗುತ್ತದೆ, ಆದ್ದರಿಂದ ಸಲಕರಣೆಯ ಖರ್ಚು ಅಡ್ಡಿಯಲ್ಲ. ಅಡ್ಡಿ ಬೇರೆಯೇ ಇದೆ: ನಾಳೆ ಎಷ್ಟು ವಾಹನ ಬರುತ್ತವೆ ಎಂದು ಇದು ತಾನಾಗಿ ಹೇಳುವುದಿಲ್ಲ. ಆ ಸಂಖ್ಯೆಯನ್ನು ನಾವೇ ತಿನ್ನಿಸಬೇಕು. ಶೇ 5ರ ಊಹೆಯನ್ನು ಒಳಗೆ ಹಾಕಿ, ಚಲಿಸುವ ಚಿತ್ರವನ್ನು ಹೊರಗೆ ತೆಗೆದರೆ ಊಹೆ ಊಹೆಯಾಗಿಯೇ ಉಳಿಯುತ್ತದೆ, ನೋಡಲು ಮಾತ್ರ ಸತ್ಯದಂತಿರುತ್ತದೆ. ಒಂದೇ ಸಲ ಓಡಿಸಿದ ಫಲಿತಾಂಶವನ್ನೂ ಒಪ್ಪಬಾರದು. ಪ್ರತಿ ಓಟದಲ್ಲೂ ವಾಹನಗಳು ಬೇರೆ ಬೇರೆ ಕ್ಷಣದಲ್ಲಿ ಬರುವುದರಿಂದ ಹತ್ತಾರು ಓಟಗಳ ಸರಾಸರಿಯನ್ನೂ ಏರಿಳಿತವನ್ನೂ ಕೇಳಬೇಕು. ಒಂದು ಸಾಧಾರಣ ವೃತ್ತಕ್ಕೆ ಇದನ್ನು ತರುವುದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ.

ಒಬ್ಬೊಬ್ಬ ವ್ಯಕ್ತಿಯ ಇಡೀ ದಿನದ ಚಟುವಟಿಕೆಯನ್ನು, ಮಗುವನ್ನು ಶಾಲೆಗೆ ಬಿಟ್ಟು ಕಚೇರಿಗೆ ಹೋಗಿ ಬರುವಾಗ ತರಕಾರಿ ತರುವುದನ್ನು, ಒಂದು ಸರಪಳಿಯಾಗಿ ಕಾಣುವ ಚಟುವಟಿಕೆ ಆಧಾರಿತ ಮಾದರಿಗಳೂ ಇವೆ. ಮಹಾನಗರ ಪ್ರದೇಶಕ್ಕೆ ಅವು ಶಕ್ತವಾದ ಸಾಧನ. ಒಂದು ಉಪನಗರ ತಾನೊಂದೇ ಅದನ್ನು ಕಟ್ಟಲು ಹೊರಡಬಾರದು. ಪ್ರಾದೇಶಿಕ ಪ್ರಾಧಿಕಾರದ ಬಳಿ ಇದ್ದರೆ ಕೇಳಿ ಪಡೆಯಬೇಕು.

ಒಂದು ಸಂಖ್ಯೆಯ ಬದಲು ಕೆಲವು ನಾಳೆಗಳು

ಕೊನೆಯ ಆಯ್ಕೆ ಸನ್ನಿವೇಶಗಳದು. ‘2045ರಲ್ಲಿ ಎಷ್ಟು ವಾಹನ?’ ಎಂದು ಕೇಳುವ ಬದಲು ಮೂರು ನಾಲ್ಕು ನಾಳೆಗಳನ್ನು ಎದುರಿಗಿಟ್ಟುಕೊಳ್ಳುವುದು: ಬಡಾವಣೆಗಳೆಲ್ಲ ತುಂಬಿ ಕಾರುಗಳೂ ಹೆಚ್ಚಿದ ನಾಳೆ, ಬಡಾವಣೆ ತುಂಬಿದರೂ ಬಸ್ ಮತ್ತು ರೈಲು ಚೆನ್ನಾಗಿ ಬಂದ ನಾಳೆ, ಅರ್ಧದಷ್ಟು ಮನೆಗಳೇ ಮಾರಾಟವಾಗದೆ ಉಳಿದ ನಾಳೆ. ಯಾವ ಕೆಲಸ ಎಲ್ಲ ನಾಳೆಗಳಲ್ಲೂ ಉಪಯೋಗಕ್ಕೆ ಬರುತ್ತದೋ ಅದನ್ನು ಮೊದಲು ಮಾಡುವುದು. ಒಳರಸ್ತೆಗಳನ್ನು ಒಂದಕ್ಕೊಂದು ಕೂಡಿಸುವುದು, ಕಾಲುದಾರಿ, ವೃತ್ತದ ಸುಧಾರಣೆ ಸಾಮಾನ್ಯವಾಗಿ ಈ ಪಟ್ಟಿಯಲ್ಲಿ ಬರುತ್ತವೆ. ಒಂದೇ ನಾಳೆಗೆ ಮಾತ್ರ ಹೊಂದುವ ಆರು ಪಥದ ರಸ್ತೆಗೆ ಜಾಗ ಕಾಯ್ದಿರಿಸಿ, ಕಟ್ಟುವುದನ್ನು ಮುಂದಕ್ಕೆ ಬಿಡಬಹುದು.

ನಾನು ಈ ದಾರಿಯ ಕಡೆ ವಾಲುವುದಕ್ಕೆ ಕಾರಣವಿದೆ. ಡೆನ್ಮಾರ್ಕ್‌ನ ಸಂಶೋಧಕ ಫ್ಲುಬ್ಯೆರ್ಗ್ ಮತ್ತು ಸಂಗಡಿಗರು 14 ದೇಶಗಳ 210 ಸಾರಿಗೆ ಯೋಜನೆಗಳನ್ನು ಪರಿಶೀಲಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅರ್ಧದಷ್ಟು ರಸ್ತೆ ಯೋಜನೆಗಳ ಮುನ್ನಂದಾಜು ವಾಸ್ತವಕ್ಕಿಂತ ಶೇ 20ಕ್ಕೂ ಹೆಚ್ಚು ಆಚೀಚೆಯಾಗಿತ್ತು. ಸುಂಕದ ರಸ್ತೆಗಳಲ್ಲಿ ಆಸೆಯೂ ಸೇರಿಕೊಳ್ಳುತ್ತದೆ. 2005ರಲ್ಲಿ ತೆರೆದ ಸಿಡ್ನಿಯ ಕ್ರಾಸ್ ಸಿಟಿ ಸುರಂಗಕ್ಕೆ ದಿನಕ್ಕೆ ಸುಮಾರು 90,000 ವಾಹನಗಳನ್ನು ಅಂದಾಜಿಸಿದ್ದರು. ಬಂದದ್ದು ಅದರ ಮೂರನೇ ಒಂದರ ಆಸುಪಾಸು, ಮರುವರ್ಷವೇ ಅದನ್ನು ನಡೆಸುತ್ತಿದ್ದ ಕಂಪನಿ ದಿವಾಳಿಯ ಬಾಗಿಲು ತಲುಪಿತು. ಅನುಭವಿಗಳೇ ಕಟ್ಟಿದ ಲೆಕ್ಕಗಳ ಗತಿ ಇದು. ಹಾಗಿರುವಾಗ ಒಂದೇ ಸಂಖ್ಯೆಯನ್ನು ನೆಚ್ಚಿ ಕೂರಲು ನನಗೆ ಮನಸ್ಸು ಬರುವುದಿಲ್ಲ.

ಸನ್ನಿವೇಶಗಳಿಗೂ ಒಂದು ದೌರ್ಬಲ್ಯವಿದೆ. ತೀರ್ಮಾನ ತೆಗೆದುಕೊಳ್ಳಲು ಇಷ್ಟವಿಲ್ಲದ ಸಭೆಗೆ ಅದು ಮುಂದೂಡುವ ನೆಪವಾಗಬಲ್ಲದು. ಜೊತೆಗೆ ಪ್ರತಿ ಸನ್ನಿವೇಶಕ್ಕೂ ಸಂಖ್ಯೆ ಬೇಕೇ ಬೇಕು. ಅದು ಮೇಲಿನ ಯಾವುದಾದರೊಂದು ವಿಧಾನದಿಂದಲೇ ಬರಬೇಕು.

ಸಾಮರ್ಥ್ಯದ ಲೆಕ್ಕ ಎಲ್ಲಿ ಹಳಿ ತಪ್ಪುತ್ತದೆ

ಬೇಡಿಕೆ ಗೊತ್ತಾದರೆ ಅರ್ಧ ಕೆಲಸ. ರಸ್ತೆ ಎಷ್ಟು ಹೊರಬಲ್ಲದು ಎಂಬುದು ಇನ್ನರ್ಧ. ತಡೆಯಿಲ್ಲದ ವೇಗದ ಹೆದ್ದಾರಿಯ ಒಂದು ಪಥ ಗಂಟೆಗೆ 2,400 ಕಾರುಗಳವರೆಗೆ ಹೊರುತ್ತದೆ. ಸಿಗ್ನಲ್ ಇರುವಲ್ಲಿ ಹಸಿರು ಪೂರ್ತಿ ಗಂಟೆ ಇದ್ದರೆ 1,900 ಎಂಬುದು ರಸ್ತೆ ಸಾಮರ್ಥ್ಯದ ಕುರಿತ ಅಮೆರಿಕದ ಇನ್ನೊಂದು ಕೈಪಿಡಿಯ ಮೂಲ ಅಂಕಿ. ಹಸಿರಿನ ಪಾಲು ಶೇ 45 ಆದರೆ ಉಳಿಯುವುದು ಸುಮಾರು 855. ಅಂದರೆ ಉಪನಗರದ ರಸ್ತೆಯ ಸಾಮರ್ಥ್ಯ ಅದರ ಅಗಲದಲ್ಲಿಲ್ಲ, ಅದರ ವೃತ್ತಗಳಲ್ಲಿದೆ. ವೃತ್ತವನ್ನು ಹಾಗೆಯೇ ಬಿಟ್ಟು ನಡುವಿನ ರಸ್ತೆಯನ್ನು ಹಿಗ್ಗಿಸಿದರೆ ವಾಹನಗಳು ಸಾಲಿಗೆ ಬೇಗ ಬಂದು ಸೇರುತ್ತವೆ, ಅಷ್ಟೇ.

ದ್ವಿಚಕ್ರ ವಾಹನ, ಆಟೊ, ಬಸ್, ಲಾರಿ ಒಟ್ಟಿಗೆ ಪಥವಿಲ್ಲದೆ ಹರಿಯುವಲ್ಲಿ ಈ ಅಂಕಿಗಳನ್ನು ಹಾಗೆಯೇ ಹಚ್ಚಬಾರದು. ಅಂಥ ಮಿಶ್ರ ಸಂಚಾರಕ್ಕೆಂದೇ ಭಾರತದಲ್ಲಿ 2017ರಲ್ಲಿ ಪ್ರತ್ಯೇಕ ಕೈಪಿಡಿ ಬಂತು. ಎಲ್ಲ ವಾಹನಗಳನ್ನೂ ಕಾರಿನ ಲೆಕ್ಕಕ್ಕೆ ಇಳಿಸುವಾಗ ಯಾವ ಗುಣಕ ಬಳಸಿದ್ದೀರಿ, ಎಲ್ಲಿಂದ ತಂದಿರಿ ಎಂಬುದು ವರದಿಯಲ್ಲಿ ಬರೆದಿರಲೇಬೇಕು. ಗುಣಕ ಸ್ವಲ್ಪ ಬದಲಾದರೂ ಪಥಗಳ ಸಂಖ್ಯೆ ಬದಲಾಗುತ್ತದೆ.

ಯಾರಿಗೆ ಯಾವುದು

ನಿಮ್ಮದು ಒಂದೇ ವೃತ್ತದ ಸಮಸ್ಯೆ, ಕೈಯಲ್ಲಿ ಹಣ ಕಡಿಮೆ ಎಂದಾದರೆ ತಿರುವುವಾರು ಗಣತಿ, ಸಾಲಿನ ಉದ್ದ, ಐದು ವರ್ಷದ ಶೇಕಡಾವಾರು ಲೆಕ್ಕ, ಹತ್ತಿರದ ಬಡಾವಣೆಗಳ ಬಾಗಿಲ ಎಣಿಕೆ ಇಷ್ಟೇ ಸಾಕು. ಕೆಲವು ವಾರಗಳ ಕೆಲಸ. ಹತ್ತಿರ ಹತ್ತಿರ ಮೂರು ನಾಲ್ಕು ವೃತ್ತಗಳು ಒಂದನ್ನೊಂದು ಮುಚ್ಚುತ್ತಿದ್ದರೆ ಅದರ ಮೇಲೆ ಸೂಕ್ಷ್ಮ ಅನುಕರಣೆ ಸೇರಿಸಿ. ಬಡಾವಣೆ ಸಂಘದವರು ಹೊಸ ಯೋಜನೆಯೊಂದನ್ನು ಪ್ರಶ್ನಿಸುತ್ತಿದ್ದರೆ ನಿಮ್ಮದೇ ಬಾಗಿಲ ಎಣಿಕೆ ಅತಿ ಗಟ್ಟಿಯಾದ ಸಾಕ್ಷಿ. ಯಾವ ಸಲಹೆಗಾರರೂ ಅದನ್ನು ಸುಲಭವಾಗಿ ತಳ್ಳಿಹಾಕಲಾರರು.

ಹೊಸ ವರ್ತುಲ ರಸ್ತೆ, ಮೇಲ್ಸೇತುವೆ, ನೂರಾರು ಮನೆಗಳ ಜಾಗ ಕೇಳುವ ವಿಸ್ತರಣೆ ಎಂದಾದರೆ ಇಡೀ ಊರಿನ ಮಾದರಿ ಬೇಕು, ಅದೂ ಹಿಂತಿರುಗಿ ಲೆಕ್ಕ ಮಾಡುವ ಮಾದರಿ, ಮೂರು ಸನ್ನಿವೇಶಗಳೊಂದಿಗೆ. ಅಷ್ಟು ಹಣವಿಲ್ಲದ ಊರು ಅಷ್ಟು ದೊಡ್ಡ ರಸ್ತೆಯನ್ನು ಅವಸರದಲ್ಲಿ ಕೈಗೆತ್ತಿಕೊಳ್ಳಬಾರದು ಎಂದು ನಾನು ಖಡಾಖಂಡಿತವಾಗಿ ಹೇಳುತ್ತೇನೆ. ನಿರ್ಮಾಣದ ಖರ್ಚಿನ ಮುಂದೆ ಲೆಕ್ಕದ ಖರ್ಚು ಬಹಳ ಸಣ್ಣದು. ಹಣವೂ ಇಲ್ಲ, ಮಾಹಿತಿಯೂ ಇಲ್ಲ, ಆದರೂ ಮುಂದಾಲೋಚನೆ ಬೇಕು ಎನ್ನುವ ಊರಿಗೆ ಬಡಾವಣೆಗಳ ಪುಸ್ತಕ ಮತ್ತು ಸನ್ನಿವೇಶಗಳ ಜೋಡಿ ಸರಿಹೋಗುತ್ತದೆ. ರಸ್ತೆಗೆ ಜಾಗ ಕಾಯ್ದಿಟ್ಟು, ಮರುಗಣತಿಯ ದಿನ ಗೊತ್ತುಮಾಡಿ.

ಯಾವುದನ್ನೇ ಆರಿಸಿದರೂ ವರದಿಯ ಕೊನೆಯಲ್ಲಿ ಒಂದು ಪುಟ ಬರೆಸಿಕೊಳ್ಳಿ. ಪ್ರತಿ ಎರಡು ವರ್ಷಕ್ಕೊಮ್ಮೆ ಯಾವ ತಿಂಗಳು, ಯಾವ ವೃತ್ತದಲ್ಲಿ ಮತ್ತೆ ಎಣಿಸುತ್ತೇವೆ. ಸಂಜೆಯ ಸಾಲಿನ ಬಾಲ ಎಲ್ಲಿಯವರೆಗೆ ಬಂದರೆ, ಅದು ಸತತ ಎರಡು ಗಣತಿಗಳಲ್ಲಿ ಕಂಡರೆ ಮುಂದಿನ ಹಂತದ ಕೆಲಸ ಶುರುಮಾಡುತ್ತೇವೆ. ಅಲ್ಲಿಯವರೆಗೆ ಬಾರದಿದ್ದರೆ ಕಾಯ್ದಿರಿಸಿದ ಜಾಗವನ್ನು ಏನು ಮಾಡುತ್ತೇವೆ. ಈ ಮೂರು ವಾಕ್ಯಗಳಿಗೆ ಸಭೆಯಲ್ಲಿ ಒಪ್ಪಿಗೆ ಪಡೆದು, ಸಾಲಿನ ಬಾಲ ಮುಟ್ಟಬಾರದ ಗುರುತನ್ನು ರಸ್ತೆ ಬದಿಯ ಕಂಬವೊಂದರ ಮೇಲೆ ಬಣ್ಣದಲ್ಲಿ ಬರೆಸಿ, ಊರಿನವರೆಲ್ಲ ನೋಡುವ ಹಾಗೆ.